ಗುಡ್ಡಕ್ಕೆ ಹೆಪ್ಪು

ಹೈದರಾಬಾದಿನ ಮಾಸಾಬ್ ಟ್ಯಾಂಕ್ ಕಡೆ ಹೋಗಿದ್ದೀರಾ? ಅಲ್ಲಿ ಕ್ಯಾಸಲ್ ಹಿಲ್ಸ್ ಎಂಬಲ್ಲಿ ‘ಖನಿಜ ಭವನ’ ಅಂತ ಒಂದು ಕಟ್ಟಡ ಇದೆ. ಹೆಸರು ಓದಿ ಒಳಗೆ ಸುರಂಗ ಇರಬಹುದು ಅಂದುಕೊಂಡರೆ ನಿರಾಸೆ ಆದೀತು, ಅದು ಬರೀ ಕಚೇರಿ. ಒಂದು ಚಮಚ ಮಣ್ಣು ಬೇಕೆಂದರೂ ಹೂಕುಂಡವನ್ನೇ ಹುಡುಕಬೇಕು. ಆದರೆ 1958ರಲ್ಲಿ ಶುರುವಾದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ ಅನ್ನುವ ಸರ್ಕಾರಿ ಕಂಪನಿಯ ಮುಖ್ಯ ಕಚೇರಿ ಅದೇ. ಎಲ್ಲರೂ ಅದನ್ನು ಎನ್‌ಎಂಡಿಸಿ ಅನ್ನುತ್ತಾರೆ. ಅಲ್ಲಿ ಕೂತವರು ನೋಡಿಕೊಳ್ಳುವ ಗಣಿಗಳಲ್ಲಿ ಒಂದು ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದೋಣಿಮಲೈ. ಹೈದರಾಬಾದಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬಳ್ಳಾರಿ, ಅಲ್ಲಿಂದ ಮುಂದೆ ಸಂಡೂರಿನ ಗುಡ್ಡಗಳು. 1977ರಿಂದ ಅಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದಾರೆ.

ಈಗ ಕೂತಲ್ಲೇ ಒಮ್ಮೆ ಸುತ್ತ ನೋಡಿ. ಕಿಟಕಿಯ ಸರಳು, ಸೈಕಲ್ಲು, ಮೆಟ್ರೊ ಹಳಿ, ಅಮ್ಮನ ದೋಸೆಕಾವಲಿ. ಎಲ್ಲವೂ ಎಲ್ಲೋ ಒಂದು ಗುಡ್ಡದ ಹೊಟ್ಟೆಯಿಂದ ಬಂದದ್ದು. ಸಂಡೂರಿನ ಬಂಡೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಅಷ್ಟು ಹಿಂದೆ ಅಲ್ಲಿ ಗುಡ್ಡ ಇರಲಿಲ್ಲ, ಸಮುದ್ರ ಇತ್ತು. ಆ ನೀರಿನಲ್ಲಿ ಕರಗಿದ್ದ ಕಬ್ಬಿಣ ನಿಧಾನವಾಗಿ ತುಕ್ಕಾಗಿ ತಳ ಸೇರಿತು, ಪದರ ಪದರವಾಗಿ ಕೂತಿತು. ಹಾಗೆ ಕೂರಿಸಿದ್ದರಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಪಾಲೂ ಇದೆ ಅನ್ನುತ್ತಾರೆ ವಿಜ್ಞಾನಿಗಳು. ಇವತ್ತು ಅದನ್ನು ಹೆಮಟೈಟ್ ಅದಿರು ಅನ್ನುತ್ತೇವೆ. ಕಲ್ಲು ನೋಡಲು ಕಪ್ಪಗೆ, ಬೂದು ಬಣ್ಣಕ್ಕೆ ಹೊಳೆಯುತ್ತದೆ. ಹೊಳಪಿಲ್ಲದ ಹೆಂಚಿನ ಮೇಲೆ ಗೀಚಿದರೆ ಮಾತ್ರ ಕೆಂಪು ಗೆರೆ ಬೀಳುತ್ತದೆ. ಸಂಡೂರಿನ ರಸ್ತೆ, ಮರದ ಎಲೆ, ಲಾರಿಯ ಗಾಜು ಎಲ್ಲ ಕೆಂಪಾಗಿ ಕಾಣುವುದು ಆ ಪುಡಿಯಿಂದ.

ಅದಿರು ಬೇಕಾದರೆ ಅದರ ಮೇಲಿರುವುದನ್ನು ಮೊದಲು ತೆಗೆಯಬೇಕು. ಮೇಲೆ ಏನಿರುತ್ತದೆ? ಮರ, ಪೊದೆ, ಹುಲ್ಲು. ಅದರ ಕೆಳಗೆ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ಮಣ್ಣು. ಅದರ ಕೆಳಗೆ ಕಬ್ಬಿಣ ಕಡಿಮೆ ಇರುವ, ಯಾರಿಗೂ ಬೇಡದ ಕಲ್ಲು. ಇದನ್ನೆಲ್ಲ ಅಗೆದು, ಡಂಪರುಗಳಲ್ಲಿ ತುಂಬಿ, ಪಕ್ಕದ ಒಂದು ಜಾಗದಲ್ಲಿ ಸುರಿಯುತ್ತಾರೆ. ಗಣಿಯವರು ಆ ರಾಶಿಯನ್ನು ‘ಡಂಪ್’ ಎನ್ನುತ್ತಾರೆ. ವರ್ಷಗಟ್ಟಲೆ ಸುರಿದ ಮೇಲೆ ಅದೇ ಒಂದು ಹೊಸ ಗುಡ್ಡ. ದೂರದಿಂದ ನೋಡಿದರೆ ನಿಜವಾದ ಗುಡ್ಡವೇ ಅನ್ನಿಸುತ್ತದೆ, ಆದರೆ ಅದರ ಮೇಲೆ ಹುಲ್ಲುಕಡ್ಡಿಯೂ ಇರುವುದಿಲ್ಲ.

ಯಾಕಿಲ್ಲ? ಪ್ರತಿವರ್ಷ ಜೂನ್‌ನಲ್ಲಿ ದೊಡ್ಡವರು ಸಾಲಾಗಿ ನಿಂತು ಸಸಿ ನೆಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದಲ್ಲ, ಹಾಗೆ ಇಲ್ಲಿಯೂ ನೆಟ್ಟರಾಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ನೆಟ್ಟವರೂ ಇದ್ದಾರೆ. ಮಳೆಗಾಲದಲ್ಲಿ ಎರಡು ಎಲೆ ಚಿಗುರಿಸಿದ ಸಸಿ ಮಾರ್ಚ್ ಹೊತ್ತಿಗೆ ಕಡ್ಡಿಯಾಗಿರುತ್ತದೆ. ನನಗಂತೂ ಅಂಥ ಫೋಟೊ ನೋಡಿದಾಗಲೆಲ್ಲ ಮುಂದಿನ ಬೇಸಿಗೆಯ ಫೋಟೊವನ್ನೂ ಹಾಕಲಿ ಅನ್ನಿಸುತ್ತದೆ.

ತಪ್ಪು ಸಸಿಯದಲ್ಲ. ಅದರ ಕಾಲ ಕೆಳಗೆ ಮಣ್ಣೇ ಇಲ್ಲ, ಬರೀ ಕಲ್ಲಿನ ಪುಡಿ ಇದೆ. ಇವೆರಡೂ ಒಂದೇ ಅಲ್ಲವೇ ಅಂತ ಕೇಳಿದರೆ, ಅಲ್ಲ. ಒಳ್ಳೆಯ ತೋಟದ ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಖಾಲಿ, ಅಂದರೆ ಸಣ್ಣಸಣ್ಣ ತೂತುಗಳು. ಮಳೆ ಬಂದಾಗ ಆ ತೂತುಗಳಲ್ಲಿ ನೀರು ನಿಲ್ಲುತ್ತದೆ, ಉಳಿದವುಗಳಲ್ಲಿ ಗಾಳಿ ಇರುತ್ತದೆ. ಬೇರಿಗೆ ಎರಡೂ ಬೇಕು, ಬೇರು ಉಸಿರಾಡುತ್ತದೆ ಎಂಬುದನ್ನು ಮರೆಯಬೇಡಿ. ಜೊತೆಗೆ ಕೊಳೆತ ಎಲೆ, ಸತ್ತ ಬೇರು, ಹುಳುವಿನ ಹಿಕ್ಕೆ, ಮತ್ತು ಒಂದು ಚಮಚಕ್ಕೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಇಂಥ ಮಣ್ಣು ತಾನಾಗಿ ಒಂದು ಸೆಂಟಿಮೀಟರ್ ದಪ್ಪ ಆಗಲು ನೂರಾರು ವರ್ಷ ಬೇಕು.

ಡಂಪಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ದೊಡ್ಡ ಕಲ್ಲುಗಳ ನಡುವೆ ನೀರು ಸೋರಿ ಹೋಗುತ್ತದೆ. ಡಂಪರುಗಳ ಚಕ್ರ ಓಡಾಡಿದ ಕಡೆ ನೆಲ ಗಚ್ಚಿನಂತೆ ಬಿಗಿದು, ನೀರು ಒಳಗೇ ಇಳಿಯುವುದಿಲ್ಲ. ಗಾಢ ಬಣ್ಣದ ಕಲ್ಲು ಏಪ್ರಿಲ್ ಬಿಸಿಲಿಗೆ ಕಾದು ಎಳೆಯ ಕಾಂಡವನ್ನು ಬುಡದಲ್ಲೇ ಬೇಯಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಸಾರಜನಕದ್ದು. ಎಲೆ ಹಸಿರಾಗಲು ಸಾರಜನಕ ಬೇಕೇ ಬೇಕು, ಅದಿರಿನ ಕಲ್ಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ರಂಜಕದ ಕಥೆ ಬೇರೆ. ಅದು ಸ್ವಲ್ಪ ಇರುತ್ತದೆ, ಆದರೆ ಕಬ್ಬಿಣದ ತುಕ್ಕು ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ.

ಡಂಪು ತನ್ನ ಪಾಡಿಗೆ ಬೋಳಾಗಿ ನಿಂತಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಅದು ನಿಲ್ಲುವುದಿಲ್ಲ. ಸಂಡೂರಿನಲ್ಲಿ ನಾರಿಹಳ್ಳ ಎಂಬ ಹೊಳೆ ಇದೆ. ಗುಡ್ಡಗಳ ಸಾಲನ್ನು ಓಬಳಗಂಡಿ, ಭೀಮಗಂಡಿ ಎಂಬ ಎರಡು ಕಡೆ ಸೀಳಿಕೊಂಡು ಹೋಗುವ ಚೆಂದದ ಹೊಳೆ. ಬೋಳು ಡಂಪಿನ ಮೇಲೆ ಮಳೆ ಜೋರಾಗಿ ಬಿದ್ದರೆ ಪುಡಿಯೆಲ್ಲ ಕೆಂಪು ನೀರಾಗಿ ಹಳ್ಳಕ್ಕೆ, ಅಲ್ಲಿಂದ ಜಲಾಶಯಕ್ಕೆ, ಕೆರೆಗೆ, ಜೋಳದ ಹೊಲಕ್ಕೆ ಇಳಿಯುತ್ತದೆ. ಕೆರೆಯಲ್ಲಿ ಹೂಳು ತುಂಬಿದರೆ ನೀರಿಗೆ ಜಾಗ ಎಲ್ಲಿ? ಇಂಥ ದೂರುಗಳು, ಜೊತೆಗೆ ಅಕ್ರಮ ಗಣಿಗಾರಿಕೆಯ ದೂರುಗಳು ಸೇರಿ ದೊಡ್ಡ ಮೊಕದ್ದಮೆಯಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ. ಗಣಿಗಳು ಮತ್ತೆ ತೆರೆಯಬೇಕಾದರೆ ಒಂದೊಂದಕ್ಕೂ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಇರಲೇಬೇಕು ಎಂದಾಯಿತು. ಆ ಯೋಜನೆ ಬರೆಯುವ ಕೆಲಸ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಗೆ ಬಂತು. ಅಂದರೆ ಒಂದೊಂದು ಡಂಪಿಗೂ ವೈದ್ಯರು ಚೀಟಿ ಬರೆಯಬೇಕಾಯಿತು.

ಆ ಚೀಟಿಯಲ್ಲಿ ಮೊದಲು ಗಿಡದ ಹೆಸರು ಇರುವುದಿಲ್ಲ. ಮೊದಲು ನೀರು.

ನೀವೇ ಮಾಡಿ ನೋಡಿ. ಅಡುಗೆಮನೆಯಲ್ಲಿ ಒಂದು ಲೋಟ ರಾಗಿಯನ್ನು ತಟ್ಟೆಗೆ ನಿಧಾನವಾಗಿ ಸುರಿಯಿರಿ. ರಾಶಿ ಒಂದು ಇಳಿಜಾರಿಗೆ ಬಂದು ನಿಲ್ಲುತ್ತದೆ, ಇನ್ನೂ ಸುರಿದರೆ ಕಾಳು ಜಾರುತ್ತದೆ, ಇಳಿಜಾರು ಬದಲಾಗುವುದಿಲ್ಲ. ಕಲ್ಲಿನ ರಾಶಿಗೆ ಆ ಇಳಿಜಾರು ಸುಮಾರು 35ರಿಂದ 37 ಡಿಗ್ರಿ. ಅಂಥ ಕಡಿದಾದ ಕಡೆ ಬೀಜ ನಿಲ್ಲದು, ನೀರು ನಿಲ್ಲದು, ಮನುಷ್ಯರಿಗೆ ನಿಲ್ಲುವುದೂ ಕಷ್ಟ. ಹಾಗಾಗಿ ಬುಲ್ಡೋಜರ್ ತಂದು ಡಂಪನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಬುಡದಿಂದ ತುದಿಗೆ ಒಟ್ಟು ಇಳಿಜಾರು 28 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತಾರೆ. ಪ್ರತಿ ಮೆಟ್ಟಿಲನ್ನೂ ಸ್ವಲ್ಪ ಒಳಮುಖವಾಗಿ ವಾಲಿಸಿದರೆ ನೀರು ಹೊರಗೆ ಧುಮುಕದೆ ಒಳಗೆ ಇಂಗುತ್ತದೆ. ಬುಡದಲ್ಲಿ ಕಲ್ಲಿನ ತಡೆಗೋಡೆ, ಅದರಾಚೆ ಡಂಪನ್ನು ಹೂಮಾಲೆಯಂತೆ ಸುತ್ತುವ ಒಂದು ಚರಂಡಿ. ಅದಕ್ಕೆ ಗಾರ್ಲೆಂಡ್ ಡ್ರೈನ್ ಎಂದೇ ಹೆಸರು. ಹಳ್ಳದ ದಾರಿಯಲ್ಲಿ ಅಲ್ಲಲ್ಲಿ ಚೆಕ್ ಡ್ಯಾಮ್.

ಇಳಿಜಾರಿನ ಮೇಲೆ ತೆಂಗಿನ ನಾರಿನ ಬಲೆಯಂಥ ಚಾಪೆ ಹಾಸಿ, ಗೂಟ ಹೊಡೆದು ಬಿಗಿಯುತ್ತಾರೆ. ನನಗೆ ಈ ಚಾಪೆಯ ಮೇಲೆ ತುಂಬ ಪ್ರೀತಿ. ಪ್ಲಾಸ್ಟಿಕ್ ಬಲೆ ಹಾಕಿದ್ದರೆ ಅದು ಅಲ್ಲೇ ಕಸವಾಗಿ ಉಳಿಯುತ್ತಿತ್ತು. ನಾರಿನ ಚಾಪೆ ಮೊದಲ ಕೆಲವು ಮಳೆಗಾಲ ಪುಡಿಯನ್ನು ಹಿಡಿದಿಡುತ್ತದೆ, ಬೀಜ ಕೊಚ್ಚಿಹೋಗದಂತೆ ಕಾಯುತ್ತದೆ, ನೆರಳು ಕೊಡುತ್ತದೆ. ಅಷ್ಟರಲ್ಲಿ ಹುಲ್ಲಿನ ಬೇರು ಆಳಕ್ಕೆ ಇಳಿದಿರುತ್ತದೆ. ಆಮೇಲೆ ಚಾಪೆ ತಾನೂ ಕೊಳೆತು ಗೊಬ್ಬರವಾಗುತ್ತದೆ.

ಇನ್ನು ಮಣ್ಣು. ಇಲ್ಲಿಗೆ ಬಂತು ಹೆಪ್ಪಿನ ವಿಷಯ. ಒಂದು ಪಾತ್ರೆ ಹಾಲು ಮೊಸರಾಗಲು ಎಷ್ಟು ಮೊಸರು ಬೇಕು? ಅರ್ಧ ಚಮಚ. ಹೆಪ್ಪಿನಲ್ಲಿರುವ ಜೀವಿಗಳು ಬೆಚ್ಚಗಿನ ಹಾಲು ಸಿಕ್ಕಿದರೆ ಉಳಿದದ್ದನ್ನು ತಾವೇ ಮಾಡುತ್ತವೆ. ಡಂಪಿಗೆ ಹೆಪ್ಪು ಅಂದರೆ ಅದೇ ಗುಡ್ಡದ ಮೇಲ್ಮಣ್ಣು. ಗಣಿ ತೋಡುವ ಮೊದಲು ಆ ಒಂದೆರಡು ಗೇಣು ಮಣ್ಣನ್ನು ಬೇರೆಯಾಗಿ ತೆಗೆದಿಟ್ಟರೆ, ಅದರೊಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರದ ಎಳೆ, ಎರೆಹುಳುವಿನ ಮೊಟ್ಟೆ, ಆ ಗುಡ್ಡದ್ದೇ ನೂರಾರು ಬೀಜ ಎಲ್ಲ ಇರುತ್ತವೆ. ಡಂಪಿನ ಮೇಲೆ ಅದನ್ನು ತೆಳ್ಳಗೆ ಹರಡಿದರೂ ಕೆಲಸ ಶುರು.

ಹೆಪ್ಪು ಹಳೆಯದಾದರೆ ಮೊಸರು ಕೆಡುತ್ತದಲ್ಲ, ಇಲ್ಲಿಯೂ ಹಾಗೆಯೇ. ಮೇಲ್ಮಣ್ಣನ್ನು ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಮಣ್ಣಿಗೆ ಗಾಳಿ ಹೋಗದೆ ಜೀವಿಗಳು ಸಾಯುತ್ತವೆ, ಬೀಜಗಳು ಕೊಳೆಯುತ್ತವೆ. ಕಡತದಲ್ಲಿ ‘ಮೇಲ್ಮಣ್ಣು ಸಂಗ್ರಹಿಸಲಾಗಿದೆ’ ಅಂತ ಇರುತ್ತದೆ, ರಾಶಿಯಲ್ಲಿ ಬರೀ ಪುಡಿ ಇರುತ್ತದೆ. ಬುದ್ಧಿವಂತ ಗಣಿಯವರು ಇವತ್ತು ಒಂದು ಕಡೆ ತೆಗೆದ ಮೇಲ್ಮಣ್ಣನ್ನು ಕೂಡಲೇ ಇನ್ನೊಂದು ಕಡೆ ಸಿದ್ಧವಾಗಿರುವ ಡಂಪಿನ ಮೇಲೆ ಹರಡಿಬಿಡುತ್ತಾರೆ.

ಮೇಲ್ಮಣ್ಣು ಉಳಿದೇ ಇಲ್ಲದಿದ್ದರೆ? ಹಳೆಯ ಗಣಿಗಳಲ್ಲಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಆಗ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಕೆರೆಯ ಹೂಳು. ನಾಗಪುರದಲ್ಲಿ ನೀರಿ ಎಂಬ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಇದೆ. ಅದರ ವಿಜ್ಞಾನಿಗಳು ಮಹಾರಾಷ್ಟ್ರದ ಗುಮಗಾಂವ್ ಮ್ಯಾಂಗನೀಸ್ ಗಣಿಯ ಬೋಳು ಡಂಪಿಗೆ ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ ತಂದು ಹಾಕಿದರು. ಕಬ್ಬಿನ ಹಾಲು ಸೋಸಿದಾಗ ಉಳಿಯುವ ಕರಿ ಗಸಿ ಅದು. ಜೊತೆಗೆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾವನ್ನೂ ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರವನ್ನೂ ಸೇರಿಸಿದರು. ಒಂದು ಕಾರ್ಖಾನೆಗೆ ಬೇಡವಾದದ್ದು ಇನ್ನೊಂದು ಗಣಿಗೆ ಔಷಧಿಯಾಯಿತು, ಬೋಳಾಗಿದ್ದ ಕಡೆ ಮರಗಳು ನಿಂತವು.

ಆ ಶಿಲೀಂಧ್ರದ ಬಗ್ಗೆ ಎರಡು ಮಾತು. ಅದರ ಎಳೆಗಳು ಕೂದಲಿಗಿಂತ ಎಷ್ಟೋ ಸಪೂರ, ಬೇರು ನುಗ್ಗಲಾರದ ಸಂದಿಯಲ್ಲೆಲ್ಲ ನುಗ್ಗುತ್ತವೆ. ತುಕ್ಕು ಹಿಡಿದಿಟ್ಟಿದೆ ಅಂದೆನಲ್ಲ ರಂಜಕ, ಅದನ್ನು ಚೂರುಚೂರಾಗಿ ತಂದು ಬೇರಿಗೆ ಕೊಡುತ್ತವೆ. ಗಿಡ ಬದಲಿಗೆ ಸಕ್ಕರೆ ಕೊಡುತ್ತದೆ.

ಎಲ್ಲ ಡಂಪಿಗೂ ಒಂದೇ ಔಷಧಿ ಆಗದು. ಕೋಲಾರದ ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಊರ ಸುತ್ತ ಗುಡ್ಡಗಳಾಗಿ ನಿಂತಿದೆ. ಜನ ಅವನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಆ ಊರಿನದೇ ಹೆಸರಿನ ಸಿನಿಮಾದಲ್ಲಿ ನೀವು ನೋಡಿರಬಹುದು. ಅಲ್ಲಿ ಕಲ್ಲು ದಪ್ಪ ಅನ್ನುವ ತೊಂದರೆ ಇಲ್ಲ, ಪುಡಿ ತೀರ ನುಣ್ಣಗಿದೆ ಎಂಬುದೇ ತೊಂದರೆ. ಒದ್ದೆಯಾದರೆ ಹೆಪ್ಪಳಿಕೆ ಕಟ್ಟಿ ಗಾಳಿಯಾಡದು, ಒಣಗಿದರೆ ಬೇಸಿಗೆಯ ಗಾಳಿಗೆ ಎದ್ದು ಮನೆಗಳ ಮೇಲೆ ಬೀಳುತ್ತದೆ. ಬಾಕ್ಸೈಟಿನಿಂದ ಅಲ್ಯೂಮಿನಿಯಂ ತೆಗೆಯುವಾಗ ಉಳಿಯುವ ಕೆಂಪು ಕೆಸರು ಕ್ಷಾರ, ಅದಕ್ಕೆ ಜಿಪ್ಸಂ ಬೇಕು. ಹುಳಿಯಾದ ಮಣ್ಣಿಗೆ ಸುಣ್ಣದ ಕಲ್ಲಿನ ಪುಡಿ.

ಸುಣ್ಣದ ದೊಡ್ಡ ಕಥೆ ಕೆನಡಾದ ಸಡ್ಬರಿ ಎಂಬ ಊರಿನದು. ಅಲ್ಲಿ ನಿಕ್ಕಲ್, ತಾಮ್ರದ ಅದಿರನ್ನು ದಶಕಗಟ್ಟಲೆ ಸುಟ್ಟು ಕರಗಿಸಿದ ಹೊಗೆಗೆ ಸುತ್ತಲಿನ ಕಾಡು ಸತ್ತು, ಮಣ್ಣು ಹುಳಿಯಾಗಿ, ಬಂಡೆಗಳು ಕಪ್ಪಗಾಗಿದ್ದವು. 1978ರಲ್ಲಿ ಊರಿನವರು ಶಾಲೆ ಕಾಲೇಜಿನ ಹುಡುಗ ಹುಡುಗಿಯರಿಗೆ ಬೇಸಿಗೆ ರಜೆಯಲ್ಲಿ ಸಂಬಳ ಕೊಟ್ಟು ಕೆಲಸಕ್ಕೆ ಕರೆದರು. ಅವರು ಸುಣ್ಣದ ಪುಡಿಯ ಚೀಲ ಹೊತ್ತು ಗುಡ್ಡ ಹತ್ತಿ ಕೈಯಿಂದ ಎರಚಿದರು, ಆಮೇಲೆ ಸ್ವಲ್ಪ ಗೊಬ್ಬರ, ಆಮೇಲೆ ಹುಲ್ಲಿನ ಬೀಜ ಮತ್ತು ದ್ವಿದಳ ಗಿಡಗಳ ಬೀಜ. ಮರ ನೆಡುವುದು ಕೊನೆಯ ಕೆಲಸ. ಹುಲ್ಲು ಹಿಡಿದ ಮೇಲೆ ಕೆಲವು ಮರಗಳು ಗಾಳಿಯಲ್ಲಿ ಬೀಜ ತೂರಿಕೊಂಡು ತಾವೇ ಬಂದವು. ಈಗ ಅಲ್ಲಿ ನೆಟ್ಟ ಗಿಡಗಳ ಸಂಖ್ಯೆಯೇ ಒಂದು ಕೋಟಿ ದಾಟಿದೆ.

ನಮ್ಮಲ್ಲಿ ಬಿತ್ತನೆಗೆ ಗಳಿಗೆ ಯಾವುದು? ರೈತರ ಲೆಕ್ಕದ ಮೃಗಶಿರ ಮಳೆ, ಜೂನ್ ಮೊದಲ ವಾರ ಕಳೆದ ಮೇಲೆ. ಹೈದರಾಬಾದಿನ ಮಕ್ಕಳಿಗೆ ನೆನಪಿಡುವುದು ಸುಲಭ, ನಾಂಪಲ್ಲಿ ಮೈದಾನದಲ್ಲಿ ಮೀನಿನ ಪ್ರಸಾದಕ್ಕೆ ಜನ ಸಾಲು ನಿಲ್ಲುವ ದಿನಗಳೇ ಅವು. ತೀರ ಮುಂಚೆ ಬಿತ್ತಿದರೆ ಬೀಜ ಇರುವೆ ಪಾಲು. ತಡವಾಗಿ ಬಿತ್ತಿದರೆ ಬೇಸಿಗೆಗೆ ಮುಂಚೆ ಬೇರು ಆಳಕ್ಕೆ ಹೋಗಲು ಸಮಯ ಸಾಲದು.

ಮೊದಲು ಬಿತ್ತುವುದು ಬೇಗ ಬೆಳೆದು ಬೇಗ ಸಾಯುವ ಗಿಡಗಳನ್ನು. ಹುರುಳಿ, ಸೆಣಬು, ಸ್ಟೈಲೋ, ನಮ್ಮ ಕಲ್ಲುನೆಲದಲ್ಲಿ ತಾನಾಗಿ ಬೆಳೆಯುವ ಕೊಗ್ಗಿ. ಹುರುಳಿ ಗೊತ್ತಲ್ಲ, ಪಕ್ಕದ ತೆಲುಗು ಮನೆಯವರು ಉಲವಚಾರು ಎಂಬ ಸಾರು ಮಾಡುವುದು ಅದರದ್ದೇ. ಇವೆಲ್ಲ ದ್ವಿದಳ ಜಾತಿ. ಒಂದು ಹುರುಳಿ ಗಿಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದರೆ ಸಾಸಿವೆಯಷ್ಟು, ಮೆಣಸಿನಷ್ಟು ಗಂಟುಗಳು ಕಾಣುತ್ತವೆ. ಅದರೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ತಿನ್ನಲು ಬರುವಂತೆ ಮಾಡಿಕೊಡುತ್ತದೆ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ, ಹಸಿರೋ ಬಿಳಿಯೋ ಇದ್ದರೆ ಇಲ್ಲ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿಯಾದ ಒಂದು ವಸ್ತುವಿನದು, ಅದನ್ನು ಮಾಡಲು ಗಿಡಕ್ಕೆ ಬೇಕಾದದ್ದು ಕಬ್ಬಿಣ! ಗಿಡ ಸತ್ತು ಕೊಳೆತಾಗ ಅದರಲ್ಲಿದ್ದ ಸಾರಜನಕ ಡಂಪಿಗೆ ಸೇರುತ್ತದೆ. ಕಲ್ಲಿನಲ್ಲಿ ಇಲ್ಲದ್ದು ಗಾಳಿಯಿಂದ ಇಳಿದು ಬಂತು.

ತೆಲಂಗಾಣದ ರಾಜ್ಯಪುಷ್ಪ ತಂಗೇಡು, ನಾವು ತಂಗಡಿ ಅನ್ನುವ ಹಳದಿ ಹೂವು, ಬತುಕಮ್ಮ ಹಬ್ಬಕ್ಕೆ ಜೋಡಿಸುತ್ತೀರಲ್ಲ, ಅದೂ ಒಣ ಕಲ್ಲುನೆಲಕ್ಕೆ ಹೇಳಿಮಾಡಿಸಿದ ಗಿಡ. ದನ ಅದಕ್ಕೆ ಬಾಯಿ ಹಾಕುವುದು ಕಡಿಮೆ. ಕಾಯಿ ನೋಡಿ ಅದನ್ನೂ ದ್ವಿದಳ ಅಂದರೆ ಸರಿಯೇ, ಆದರೆ ಬೇರಿನಲ್ಲಿ ಗಂಟು ಹುಡುಕಬೇಡಿ, ಸಿಗುವುದಿಲ್ಲ. ಆ ಕುಟುಂಬದಲ್ಲಿ ಎಲ್ಲರೂ ಆ ವಿದ್ಯೆ ಕಲಿತಿಲ್ಲ.

ಇವುಗಳ ಜೊತೆಗೆ ಹುಲ್ಲು. ಮರದ ಬೇರಿಗಿಂತ ಹುಲ್ಲಿನ ಬೇರು ಪುಡಿಯನ್ನು ಚೆನ್ನಾಗಿ ಹಿಡಿಯುತ್ತದೆ, ಏಕೆಂದರೆ ಅದು ಒಂದು ದಪ್ಪ ಬೇರಲ್ಲ, ಸಾವಿರ ಸಪೂರ ಬೇರು. ತೀರ ಕಡಿದಾದ ಅಂಚಿಗೆ ಲಾವಂಚ ಸಾಲು ಹಾಕುತ್ತಾರೆ, ಅದರ ಬೇರು ಮನುಷ್ಯನ ಎತ್ತರ ಮೀರಿ ಆಳಕ್ಕೆ ಹೋಗುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಹಳೆಯ ಸೀಸದ ಗಣಿಯ ರಾಶಿಯ ಮೇಲೆ ಹುಲ್ಲು ಬೆಳೆದದ್ದನ್ನು ಆಂಟನಿ ಬ್ರಾಡ್‌ಶಾ ಎಂಬ ವಿಜ್ಞಾನಿ ಗಮನಿಸಿದರು. ಅದೇ ಜಾತಿಯ ಹುಲ್ಲನ್ನು ಪಕ್ಕದ ಹೊಲದಿಂದ ತಂದು ಆ ರಾಶಿಯಲ್ಲಿ ನೆಟ್ಟರೆ ಬೇರು ಬಿಡುತ್ತಿರಲಿಲ್ಲ. ರಾಶಿಯ ಮೇಲಿದ್ದದ್ದು ವಿಷ ಸಹಿಸುವ ತಳಿ. ಬಿದ್ದ ಲಕ್ಷಾಂತರ ಬೀಜಗಳಲ್ಲಿ ಎಲ್ಲೋ ಕೆಲವು ಬದುಕಿ, ಅವುಗಳ ಮಕ್ಕಳೇ ಅಲ್ಲಿ ತುಂಬಿದ್ದವು. ಆ ತಳಿಯ ಬೀಜವನ್ನು ಗೊಗಿನಾನ್ ಎಂಬ ಆ ಗಣಿಯ ಹೆಸರಿನಲ್ಲೇ ಆಮೇಲೆ ಬೇರೆ ಗಣಿಗಳಿಗೂ ಬಿತ್ತನೆಗೆ ಬಳಸಿದರು.

ಹುಲ್ಲು ನೆಲ ಹಿಡಿದ ಮೇಲೆ ಹೊಂಗೆ, ಬೇವು, ದಿಂಡಿಗ ಮತ್ತು ಬಂದರೆ ಗಿಡ. ಇವು ಆ ಗುಡ್ಡಗಳ ಹಳೆಯ ನಿವಾಸಿಗಳು, ಬಿಸಿಲು ಗೊತ್ತಿರುವವು. ಇಲ್ಲೇ ಒಂದು ಆಸೆ ಕಾಡುತ್ತದೆ. ಅಕೇಶಿಯಾ ನೆಟ್ಟರೆ ಕೆಲವೇ ವರ್ಷದಲ್ಲಿ ಹಸಿರು ಗೋಡೆಯೇ ಎದ್ದುಬಿಡುತ್ತದೆ, ಬಳ್ಳಾರಿ ಜಾಲಿಯನ್ನಂತೂ ನೆಡುವುದೂ ಬೇಡ. ಎರಡೂ ಹೊರದೇಶದಿಂದ ಬಂದವು. ಬಳ್ಳಾರಿ ಜಾಲಿ ಅಮೆರಿಕ ಖಂಡದ್ದು, ಹೆಸರು ಮಾತ್ರ ನಮ್ಮೂರಿನದು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಗಣಿ ನಡೆಯಿತು. ಅಲ್ಲಿ ಹುಲ್ಲುಗಾವಲಾಗಿದ್ದ ಇಳಿಜಾರುಗಳಲ್ಲಿ ಅಕೇಶಿಯಾ ನೆಟ್ಟರು. ಹಸಿರೇನೋ ಬಂತು. ಆದರೆ ಅಲ್ಲಿ ಇರಬೇಕಾದದ್ದು ಮರವಲ್ಲ, ಹುಲ್ಲು. ಕಡವೆ ಮೇಯುವುದು ಹುಲ್ಲನ್ನು, ಮಳೆನೀರನ್ನು ಹಿಡಿದು ಮೆಲ್ಲಗೆ ಹೊಳೆಗೆ ಬಿಡುವುದೂ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು. ನನ್ನ ಮಟ್ಟಿಗೆ ಹೇಳುವುದಾದರೆ, ತಪ್ಪು ಹಸಿರಿಗಿಂತ ಇನ್ನೂ ಸ್ವಲ್ಪ ದಿನ ಕಾಯುವ ಬೋಳು ವಾಸಿ.

ಕಲ್ಲುಪುಡಿಗೆ ಹೆಪ್ಪು ಹಾಕಿದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೈದರಾಬಾದಿನಲ್ಲಿ ಕಟ್ಟಡ ಕಟ್ಟುವ ಕಡೆ ಕಲ್ಲುಪುಡಿಗೆ ಬರವಿಲ್ಲ, ದೊಡ್ಡವರ ಜೊತೆ ಹೋಗಿ ಕೇಳಿ ಒಂದು ಬಕೆಟ್ ತನ್ನಿ. ಹಳೆಯ ಕಲ್ಲುಕ್ವಾರಿಯ ಗುಂಡಿಗೆ ಮಾತ್ರ ಯಾರೂ ಇಳಿಯಬೇಡಿ, ಅವು ಆಳ, ಅಂಚು ಜಾರುತ್ತದೆ. ಪುಡಿಯನ್ನು ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ, ಧೂಳು ಮೂಗಿಗೆ ಹೋಗಬಾರದು. ಒಂದು ಬದಿ ಕತ್ತರಿಸಿದ ಮೂರು ಪ್ಲಾಸ್ಟಿಕ್ ಟ್ರೇಗಳಲ್ಲಿ ತುಂಬಿ. ಮೊದಲನೆಯದರಲ್ಲಿ ಬರೀ ಪುಡಿ. ಎರಡನೆಯದರಲ್ಲಿ ಪುಡಿಗೆ ನಾಲ್ಕರಲ್ಲಿ ಒಂದು ಪಾಲು ಗೊಬ್ಬರ. ಮೂರನೆಯದರಲ್ಲಿ ಅದೇ ಗೊಬ್ಬರ, ಯಾವುದಾದರೂ ಹಳೆಯ ಮರದ ಬುಡದ ಒಂದು ಹಿಡಿ ಮಣ್ಣು, ಮೇಲೆ ತೆಂಗಿನ ನಾರು. ಮೂರರಲ್ಲೂ ಒಂದೇ ಲೆಕ್ಕದ ಹುರುಳಿ ಬಿತ್ತಿ, ಒಂದೇ ಅಳತೆಯ ನೀರು ಹಾಕಿ. ಮೂರು ವಾರ ಕಳೆದ ಮೇಲೆ ಟ್ರೇಗಳ ಹಿಂಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿ, ತೂತಿನ ಡಬ್ಬಿಯಿಂದ ‘ಮಳೆ’ ಸುರಿಸಿ, ಕೆಳಗೆ ಇಳಿದ ನೀರನ್ನು ಮೂರು ಗಾಜಿನ ಲೋಟದಲ್ಲಿ ಹಿಡಿಯಿರಿ. ಯಾವ ಲೋಟ ಎಷ್ಟು ರಾಡಿ? ತಳದಲ್ಲಿ ಎಷ್ಟು ಬೆರಳು ಹೂಳು? ಕೆರೆಯ ಕಷ್ಟ ಲೋಟದಲ್ಲೇ ಕಾಣುತ್ತದೆ. ಆಮೇಲೆ ಗಿಡ ಕಿತ್ತು ಗಂಟು ಎಣಿಸಿ, ಮೂರನೆಯ ಟ್ರೇಯ ಬೇರನ್ನು ಬೇರೆಯಾಗಿ ಇಟ್ಟು ನೋಡಿ.

ಗುಡ್ಡ ನಿಜವಾಗಿ ಗುಣವಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ನೆಟ್ಟ ಸಸಿಗಳ ಸಂಖ್ಯೆ ಹೇಳಿದರೆ ನಾನು ಒಪ್ಪುವುದಿಲ್ಲ. ನೆಟ್ಟವರ ಕೆಲಸ ಎಷ್ಟು ಅಂತ ಮಾತ್ರ ಅದು ಹೇಳುತ್ತದೆ, ನೆಲದ ಸುದ್ದಿ ಹೇಳುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಬಾಕ್ಸೈಟ್ ಗಣಿಗಳಲ್ಲಿ ಜೊನಾಥನ್ ಮೇಜರ್ ಎಂಬ ಕೀಟವಿಜ್ಞಾನಿ ಬೇರೆ ದಾರಿ ಹಿಡಿದರು. ಇರುವೆಗಳನ್ನು ಎಣಿಸಿದರು. ಸಣ್ಣ ಕೊಳವೆಗಳನ್ನು ಬಾಯಿಮಟ್ಟ ನೆಲದಲ್ಲಿ ಹೂತಿಟ್ಟು, ಅದರೊಳಗೆ ಬಿದ್ದ ಇರುವೆ ಎಷ್ಟು ಬಗೆಯವು ಎಂದು ನೋಡಿದರು. ಒಂದೊಂದು ಬಗೆಯ ಇರುವೆಗೆ ಒಂದೊಂದು ಊಟ, ಒಂದೊಂದು ಮನೆ. ಕೆಲವಕ್ಕೆ ಬೀಜ ಬೇಕು, ಕೆಲವಕ್ಕೆ ಬೇರೆ ಹುಳು, ಕೆಲವಕ್ಕೆ ಒಣ ಎಲೆಯ ಹಾಸು, ಕೊಳೆತ ಕೊಂಬೆ. ಹೊಸದಾಗಿ ಬಿತ್ತಿದ ನೆಲದಲ್ಲಿ ಕೆಲವೇ ಬಗೆ ಓಡಾಡುತ್ತವೆ, ಗಿಡ ಹೆಚ್ಚಿ ಎಲೆ ಉದುರಿ ಹಾಸು ಬಿದ್ದಂತೆ ಬಗೆಗಳು ಹೆಚ್ಚುತ್ತವೆ.

ನೀವು ಇರುವೆಯನ್ನು ಹಿಡಿಯಬೇಕಿಲ್ಲ. ಕಾಚಿಗುಡದಲ್ಲೋ ಉಪ್ಪಲ್‌ನಲ್ಲೋ ನಿಮ್ಮ ಮನೆ ಹತ್ತಿರ ಎರಡು ಜಾಗ ಆರಿಸಿ. ಒಂದು, ಹಳೆಯ ಮರದ ಬುಡ. ಇನ್ನೊಂದು, ಕಟ್ಟಡದ ಮಣ್ಣು ಸುರಿದ ಖಾಲಿ ಸೈಟು. ಎರಡೂ ಕಡೆ ಬಿಳಿ ಕಾಗದದ ಮೇಲೆ ಕಡಲೆಯಷ್ಟು ಬೆಲ್ಲ, ಪಕ್ಕದಲ್ಲಿ ಒಂದು ಚೂರು ಕೊಬ್ಬರಿ ಇಟ್ಟು ಇಪ್ಪತ್ತು ನಿಮಿಷ ಕಾಯಿರಿ. ಎಷ್ಟು ಇರುವೆ ಬಂದವು ಎನ್ನುವುದಕ್ಕಿಂತ ಎಷ್ಟು ಬಗೆ ಬಂದವು ಎಂದು ನೋಡಿ: ಬಣ್ಣ, ಉದ್ದ, ಓಡುವ ರೀತಿ, ಬೆಲ್ಲಕ್ಕೆ ಬಂತೋ ಕೊಬ್ಬರಿಗೋ. ಕೆಂಪಿರುವೆ ಇದ್ದರೆ ಕಾಲಿಗೆ ಚಪ್ಪಲಿ ಇರಲಿ. ಮೃಗಶಿರಕ್ಕೆ ಮುಂಚೆ ಒಮ್ಮೆ ನೋಡಿ, ದಸರಾ ರಜೆಯಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇನ್ನೊಮ್ಮೆ, ದಿನಾಂಕ ಹಾಕಿ ಬರೆದಿಡಿ.